ಕಲಬುರಗಿಯ ವಿಶ್ವವಿದ್ಯಾಲಯಗಳಿಗೆ ಅನುದಾನ ಬೇಕೆಂದರೆ ಯಾರನ್ನು ಕೇಳಬೇಕು?

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡಬೇಕು. ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ (2009) ದಿಲ್ಲಿಯ ದುಡ್ಡಿನಲ್ಲಿ ನಡೆಯುತ್ತದೆ. ಅದರ ಬೇಡಿಕೆ ಇದ್ದರೆ ಸಂಸದರನ್ನು ಹಿಡಿಯಿರಿ.

1980ರ ಗುಲ್ಬರ್ಗಾ ವಿಶ್ವವಿದ್ಯಾಲಯದ ಕಥೆ ಬೇರೆ. ಅದು ರಾಜ್ಯದ್ದು. ಸಂಬಳಕ್ಕೆ ರಾಜ್ಯ ಬಜೆಟ್ಟೇ ಆಧಾರ, ಉಳಿದ ಖರ್ಚಿಗೆ ಅದರ ಅಡಿಯ ಕಾಲೇಜುಗಳಿಂದ ಬರುವ ಪರೀಕ್ಷಾ ಶುಲ್ಕ, ಸಂಯೋಜನೆ (ಅಫಿಲಿಯೇಷನ್) ಶುಲ್ಕ. ಇಲ್ಲೇ ಪೆಟ್ಟು ಬಿದ್ದಿರುವುದು. ರಾಯಚೂರು, ಯಾದಗಿರಿಯ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯಕ್ಕೆ ಹೋದವು, ಆಮೇಲೆ ಬೀದರಿನವು ಬೀದರ್ ವಿಶ್ವವಿದ್ಯಾಲಯಕ್ಕೆ. ಶುಲ್ಕ ಅವುಗಳ ಜೊತೆ ಹೋಯಿತು. ಹಳೇ ನೌಕರರ ಪಿಂಚಣಿ ಮಾತ್ರ ಇಲ್ಲೇ ಉಳಿಯಿತು. ಹೊಸ ವಿಶ್ವವಿದ್ಯಾಲಯ ತಪ್ಪಲ್ಲ, ಆದರೆ ಆದಾಯ ಹಂಚಿದ ಮೇಲೆ ಕೊರತೆ ತುಂಬುವುದು ಸರ್ಕಾರದ ಕೆಲಸ ಅಲ್ವಾ?

ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆಯಲ್ಲ ಅಂತ ಹಲವರು ಕೇಳುತ್ತಾರೆ. ಸೀಟು, ನೌಕರಿಯಲ್ಲಿ ಅದು ದೊಡ್ಡ ಆಸರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಿಂದ ಕಟ್ಟಡವೂ ಏಳುತ್ತದೆ. ಪಾಠ ಮಾಡುವವರ ಕಾಯಂ ಹುದ್ದೆ ತುಂಬಲು ಮಾತ್ರ ಹಣಕಾಸು ಇಲಾಖೆಯ ಒಪ್ಪಿಗೆ ಬೇಕೇ ಬೇಕು. ನಾನು ಡಿಗ್ರಿ ಓದುವಾಗ ಲ್ಯಾಬಿಗೆ ಹೊಸ ಬಣ್ಣ ಬಳಿದಿದ್ದರು. ಒಳಗೆ ಒಂದೇ ಮೈಕ್ರೋಸ್ಕೋಪ್, ಸುತ್ತ ಎಂಟು ಮಂದಿ. ಕಲಿಸಲು ಅತಿಥಿ ಉಪನ್ಯಾಸಕರು, ಅವರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ.

ಸುಮ್ನೆ "ಅನುದಾನ ಕೊಡಿ" ಅಂದರೆ ಕಡತ ಮುಂದೆ ಹೋಗುವುದಿಲ್ಲ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಆ ಲೆಕ್ಕ ಇಟ್ಟುಕೊಂಡು ಶಾಸಕರನ್ನು, ಪದವೀಧರ ಕ್ಷೇತ್ರದ ಎಂಎಲ್‌ಸಿಯನ್ನು ನೋಡಿ. ಬಜೆಟ್ ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ, ಹಾಗಾಗಿ ಡಿಸೆಂಬರಿನಲ್ಲೇ ಹೊರಡಿ.