ಬಂಗು ಮತ್ತು ಬಿಡಲಾಗದ ಕ್ರೀಮು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದೆ.)

ಸವಿತಾ ಅವರಿಗೆ 34 ವರ್ಷ. ನಿದ್ದೆ ಬರುವುದಿಲ್ಲ ಎಂದು ಬಂದಿದ್ದರು. ಮಾತಾಡುತ್ತಾ ಹೋದಂತೆ ಬೇರೆ ಸಂಗತಿಗಳು ಹೊರಬಂದವು. ತಂಗಿಯ ಮಗಳ ನಾಮಕರಣಕ್ಕೆ ಹೋಗಿಲ್ಲ. ಮಗನ ಶಾಲೆಯ ಪೋಷಕರ ಸಭೆಗೆ ಗಂಡನನ್ನೇ ಕಳಿಸುತ್ತಾರೆ. ಕೂತಷ್ಟು ಹೊತ್ತೂ ವೇಲನ್ನು ಕೆನ್ನೆಯ ಮೇಲೆ ಎಳೆದುಕೊಂಡೇ ಇದ್ದರು.

ಎರಡನೇ ಬಸಿರಿನಲ್ಲಿ ಎರಡೂ ಕೆನ್ನೆಗೆ, ಮೇಲ್ದುಟಿಯ ಮೇಲೆ ಬಂಗು, ಅಂದರೆ ಕಂದು ಕಲೆ, ಕಾಣಿಸಿಕೊಂಡಿತ್ತು. ಹೆರಿಗೆಯ ನಂತರ ತುಸು ತಿಳಿಯಾಗಿದ್ದದ್ದು ಗರ್ಭನಿರೋಧಕ ಮಾತ್ರೆ ಶುರುವಾದ ಮೇಲೆ ಮತ್ತೆ ಕಪ್ಪಾಯಿತು. ಅತ್ತೆ "ಮೈ ಉಷ್ಣ ಆಗಿದೆ" ಅಂದರು. ಪಕ್ಕದ ಮನೆಯವರ ಮಾತು ಕೇಳಿ ನಿಂಬೆರಸ ಹಚ್ಚಿದರೆ ಚರ್ಮ ಉರಿದು ಇನ್ನಷ್ಟು ಕಪ್ಪಾಯಿತು. ಕೊನೆಗೆ ಗೆಳತಿ ಹೇಳಿದ ಟ್ಯೂಬು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಮುಖ ಬೆಳ್ಳಗಾಯಿತು, ಎಲ್ಲರೂ ಹೊಗಳಿದರು. ಹಾಗೇ ಒಂದೂವರೆ ವರ್ಷ ಹಚ್ಚಿದರು.

"ಎರಡು ದಿನ ಬಿಟ್ರೆ ಮುಖ ಬೆಂಕಿ ಥರ ಉರಿಯತ್ತೆ ಮೇಡಂ. ಹಚ್ಚಿದ್ರೆ ಹಾಳಾಗ್ತಿದೆ ಅಂತ ಗೊತ್ತು. ಏನ್ಮಾಡ್ಲಿ?"

ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿತ್ತು. ಕೊನೆಯದು ಸ್ಟಿರಾಯ್ಡ್. ಚರ್ಮವೈದ್ಯರು ಇಂಥ ಮಿಶ್ರಣವನ್ನು ರಾತ್ರಿ ಹೊತ್ತು, ಕೆಲವು ವಾರಗಳ ಮಟ್ಟಿಗೆ, ತಮ್ಮ ನಿಗಾದಲ್ಲಿ ಕೊಡುವುದುಂಟು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ನೂಲಿನೆಳೆಯಂತೆ ಎದ್ದು ಕಾಣುತ್ತವೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಬಿಟ್ಟರೆ ಉರಿ ಮತ್ತು ಗುಳ್ಳೆ. ಸವಿತಾರ ಮುಖದಲ್ಲಿ ಇವೆಲ್ಲವೂ ಇದ್ದವು. 2018ರಲ್ಲೇ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಆದರೂ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಸಿಗುತ್ತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಅವರನ್ನು ಕಾಡುತ್ತಿದ್ದದ್ದು ತಪ್ಪಿತಸ್ಥ ಭಾವ: ಏನೋ ತಿಂದೆ, ಮುಖ ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು ಎಂದು. ತಾಯಿಗೂ ಚಿಕ್ಕಮ್ಮನಿಗೂ ಬಂಗು ಇತ್ತೆಂಬುದು ಕೇಳಿದಾಗಷ್ಟೇ ನೆನಪಾಯಿತು. ವಂಶದ ಒಲವು, ಬಸಿರಿನ ಅಥವಾ ಮಾತ್ರೆಯ ಹಾರ್ಮೋನು, ಮೇಲೆ ಬಿಸಿಲು, ಇವು ಸೇರಿದಾಗ ಬಣ್ಣ ತಯಾರಿಸುವ ಜೀವಕೋಶಗಳು ಅತಿಯಾಗಿ ಕೆಲಸ ಮಾಡುತ್ತವೆ. ರಕ್ತ ಕೆಟ್ಟು ಬರುವ ಕಾಯಿಲೆ ಇದಲ್ಲ ಎಂದು ಬಿಡಿಸಿ ಹೇಳಿದೆ.

ಇನ್ನೊಂದು ಗಂಟು ಬಿಚ್ಚಬೇಕಿತ್ತು. ಬಂಗಿಗೆ ಚಿಕಿತ್ಸೆ ಬೇಡುವುದು ಬೇರೆ, ಬೆಳ್ಳಗಾಗಲೇಬೇಕೆಂಬ ಹಟ ಬೇರೆ. "ನಿಮ್ಮ ನಿಜವಾದ ಬಣ್ಣ ಯಾವುದು?" ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಮುಂಗೈಯ ಒಳಭಾಗ ತೋರಿಸಿದರು. ಚಿಕಿತ್ಸೆಯ ಗುರಿ ಅಷ್ಟೇ ಇರಲಿ, ಅದಕ್ಕಿಂತ ಬಿಳುಪು ಯಾರು ಕೇಳಿದರೂ ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು.

ಕ್ರೀಮನ್ನು ತಾವಾಗಿ ಒಮ್ಮೆಲೇ ನಿಲ್ಲಿಸದೆ ಟ್ಯೂಬಿನ ಸಮೇತ ಚರ್ಮವೈದ್ಯರನ್ನು ಕಾಣಲು ಹೇಳಿದೆ. ಮಾತ್ರೆಯ ಬದಲು ಹಾರ್ಮೋನಿಲ್ಲದ ಕಾಪರ್-ಟಿ ಹೊಂದುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಲು ಸೂಚಿಸಿದೆ. ಯಾರೋ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ನುಂಗಲು ಹೇಳಿದ್ದರಂತೆ. ಬಂಗಿಗೆ ವೈದ್ಯರು ಅದನ್ನು ಕೊಡುತ್ತಾರೆ, ನಿಜ. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ಅದರಲ್ಲೂ ಗರ್ಭನಿರೋಧಕ ಮಾತ್ರೆ ನುಂಗುವವರು, ಸ್ವಂತವಾಗಿ ಮುಟ್ಟಲೇಬಾರದು. ಸನ್‌ಸ್ಕ್ರೀನ್ ಮಾತ್ರ ದಿನವೂ ಬೇಕು: ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುವುದರಿಂದ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಕನ್ನಡಿ ನೋಡುವುದನ್ನು ಬೆಳಿಗ್ಗೆ, ರಾತ್ರಿ ಎರಡೇ ಸಲಕ್ಕೆ ಇಳಿಸಿದೆವು. ತಿಂಗಳಿಗೊಂದು ಫೋಟೊ, ಅದೇ ಕಿಟಕಿಯ ಪಕ್ಕ ನಿಂತು. "ಮುಖಕ್ಕೇನಾಯ್ತು?" ಎಂದವರಿಗೆ "ಡಾಕ್ಟ್ರ ಹತ್ರ ತೋರಿಸ್ತಿದ್ದೀನಿ" ಎಂದು ಹೇಳಿ ಮಾತು ಬದಲಿಸುವುದನ್ನು ನನ್ನೆದುರೇ ಅಭ್ಯಾಸ ಮಾಡಿದರು. ಒಮ್ಮೆ ಗಂಡನನ್ನೂ ಅತ್ತೆಯನ್ನೂ ಕರೆಸಿ ಮಾತಾಡಿದೆ. ಅತ್ತೆ ಕೆಟ್ಟವರಲ್ಲ, ಸೊಸೆಯ ಮುಖ ಕಂಡು ಗಾಬರಿಯಾಗಿದ್ದರು, ಅಷ್ಟೇ.

ವೈದ್ಯರು ಸ್ಟಿರಾಯ್ಡನ್ನು ಹಂತಹಂತವಾಗಿ ಬಿಡಿಸಿದರು. ಮೊದಲ ವಾರಗಳು ಕಠಿಣವಾಗಿದ್ದವು, ಫೋನಿನಲ್ಲಿ ಅಳುತ್ತಿದ್ದರು. ಉರಿ ಇಳಿದ ಮೇಲೆ ಸ್ಟಿರಾಯ್ಡ್ ಅಲ್ಲದ, ಬಂಗಿಗೆ ಹಚ್ಚುವ ಅಜೆಲಾಯಿಕ್ ಆ್ಯಸಿಡ್ ಶುರುವಾಯಿತು. ಈಗ ಕೆನ್ನೆಯ ಬಂಗು ತಿಳಿಯಾಗಿದೆ, ತುಟಿಯ ಮೇಲಿನದು ಹಾಗೇ ಇದೆ. ಬೇಸಿಗೆಯಲ್ಲಿ ಮತ್ತೆ ಗಾಢವಾಗಬಹುದೆಂದು ಮೊದಲೇ ಹೇಳಿಟ್ಟಿದ್ದೇನೆ. ನಿದ್ದೆ ಬರುತ್ತಿದೆ. ಕಳೆದ ಪೋಷಕರ ಸಭೆಗೆ ಸವಿತಾ ಅವರೇ ಹೋಗಿದ್ದರು.