ಅಕ್ಕನಿಗೊಂದು ಪ್ರಶ್ನೆ: ಅರ್ಧಕ್ಕೆ ನಿಂತ ಕೋಟೆ

ಪ್ರಶ್ನೆ: ಒಂಬತ್ತು ವರ್ಷದಿಂದ ನಮ್ಮೂರಿನ ಹಳೇ ಕಟ್ಟಡಗಳ ಚಿತ್ರ ಬರೆಯುತ್ತಿದ್ದೆ. 1472ರ ಮಹಮೂದ್ ಗವಾನ್ ಮದರಸಾ, ಚೌಬಾರ, ಅಷ್ಟೂರಿನ ಗುಮ್ಮಟಗಳು ಮುಗಿದವು. ಕೋಟೆ ಅರ್ಧಕ್ಕೇ ನಿಂತಿದೆ. ಈಗ ಮಗಳಿಗೆ ಏಳು ತಿಂಗಳು. ಪೆನ್ಸಿಲ್ ಹಿಡಿಯಲು ಮನಸ್ಸೇ ಇಲ್ಲ. ಬಿಟ್ಟುಬಿಡಲಾ ಅಕ್ಕಾ?
– ಓದುಗರು, ಬೀದರ್

ಉತ್ತರ: ಬಿಡು ತಂಗಿ. ನಾನೂ ಬಿಟ್ಟವಳೇ. ಅತ್ತೆ ಹೇಳುತ್ತಿದ್ದ ಬೀಸುವ ಪದಗಳಿಂದ ನಾಲ್ಕು ನೋಟ್‌ಬುಕ್ ತುಂಬಿಸಿದ್ದೆ. ಐದನೆಯದು ಶುರು ಮಾಡುವಾಗ ಅತ್ತೆ ಹಾಸಿಗೆ ಹಿಡಿದರು. ಗಂಜಿ ಕುಡಿಸುವುದು, ಕಾಲು ಒತ್ತುವುದು, ಅದೇ ನನ್ನ ದಿನವಾಯಿತು. ಬರೆಯಲಿಲ್ಲವಲ್ಲ ಅಂತ ಒಂದು ವರ್ಷ ಸುಮ್ನೆ ಕೊರಗಿದೆ. ಆ ಕೊರಗಿಗೇ ಈಗ ಜಾಸ್ತಿ ಬೇಜಾರು.

ಒಂದು ಕೆಲಸ ಮಾತ್ರ ಮಾಡು. ಪ್ರತಿ ಚಿತ್ರದ ಹಿಂದೆ ಜಾಗ, ತಾರೀಖು ಬರೆದು, ಹತ್ತಿಬಟ್ಟೆ ಸುತ್ತಿ ಎತ್ತಿಡು. ಆಮೇಲೆ ಒಂದು ಬೆಳಿಗ್ಗೆ, ಬಿಸಿಲೇರುವ ಮುಂಚೆ, ಮಗಳನ್ನು ಎತ್ತಿಕೊಂಡು ಕೋಟೆಗೆ ಹೋಗು. ಹಾಳೆ ಮನೆಯಲ್ಲೇ ಇರಲಿ.