ಕೊಂಡ ಇ-ಪುಸ್ತಕ ತಂಗಿಗೆ ಕೊಡಬಹುದಾ?

ದುಡ್ಡು ಕೊಟ್ಟು ಕೊಂಡ ನಲವತ್ತು ಇ-ಪುಸ್ತಕಗಳನ್ನು ತಂಗಿಯ ಖಾತೆಗೆ ದಾಟಿಸಬಹುದಾ ಅಂತ ಕೇಳಿದ್ದೀರಿ. ಬಹುತೇಕ ಆ್ಯಪ್‌ಗಳಲ್ಲಿ ಆಗಲ್ಲ. ನೀವು ಒತ್ತಿದ ಗುಂಡಿಯ ಮೇಲೆ 'ಖರೀದಿಸಿ' ಅಂತಲೇ ಇದ್ದಿರಬಹುದು. ಒಪ್ಪಂದದಲ್ಲಿ ಇರೋದು ಓದುವ ಪರವಾನಗಿ ಅಂತ, ಅದೂ ನಿಮ್ಮೊಬ್ಬರಿಗೆ.

ಕಾಗದದ ಪುಸ್ತಕದ ಕಥೆ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ಪ್ರಕಾರ, ಒಮ್ಮೆ ಚಲಾವಣೆಗೆ ಬಂದ ಪ್ರತಿಯ ಮಾರಾಟದ ಮೇಲೆ ಪ್ರಕಾಶಕರ ಹಿಡಿತ ಉಳಿಯಲ್ಲ. ಅದಕ್ಕೇ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಗಳು ರಾಜಾರೋಷವಾಗಿ ಮಾರಾಟವಾಗೋದು. ಅಲ್ಲಿಂದ ತಂದ ನನ್ನ ನಿಘಂಟಿನ ಮೊದಲ ಪುಟದಲ್ಲಿ ಮೂವರ ಹೆಸರಿದೆ, ಮೂರು ಬಣ್ಣದ ಶಾಯಿಯಲ್ಲಿ. ನಾಲ್ಕನೆಯದು ನನ್ನದು.

ಇ-ಪುಸ್ತಕ ಕೈ ಬದಲಾಯಿಸೋದಿರಲಿ, ಇದ್ದಲ್ಲೇ ಉಳಿಯುತ್ತೆ ಅನ್ನೋ ಖಾತ್ರಿಯೂ ಇಲ್ಲ. 2009ರಲ್ಲಿ ಅಮೆಜಾನ್ ಜನರ ಕಿಂಡಲ್‌ಗಳೊಳಗಿಂದಲೇ (ಇ-ಪುಸ್ತಕ ಓದುವ ಅದರ ಸಾಧನ) ಪುಸ್ತಕ ಅಳಿಸಿಹಾಕಿತು. ಅದನ್ನು ಅಮೆಜಾನ್ ಅಂಗಡಿಯಲ್ಲಿ ಹಾಕಿದ್ದವರಿಗೆ ಮಾರುವ ಹಕ್ಕೇ ಇರಲಿಲ್ಲವಂತೆ. ಯಾವ ಪುಸ್ತಕ ಗೊತ್ತಾ? ಸರ್ಕಾರವೇ ಹಳೇ ದಾಖಲೆಗಳನ್ನು ಅಳಿಸಿಹಾಕುವ ಕಥೆಯ, ಜಾರ್ಜ್ ಆರ್ವೆಲ್‌ನ ಕಾದಂಬರಿ '1984'! ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಹಣ ಮರಳಿತು, ಪುಸ್ತಕ ಹೋಯ್ತು.

ಸದ್ಯಕ್ಕೆ ನಿಮ್ಮ ಆ್ಯಪ್‌ನಲ್ಲಿ ಮನೆಯವರ ಜೊತೆ ಹಂಚಿಕೊಳ್ಳುವ ಸೌಲಭ್ಯ ಇದೆಯಾ ನೋಡಿ. ಇದ್ದರೆ ತಂಗಿಗೆ ಓದೋಕೆ ಸಿಗುತ್ತೆ, ಅಷ್ಟೇ. ಮುಂದೆ ಕೊಳ್ಳುವಾಗ ಡಿಆರ್‌ಎಂ ಬೀಗವಿಲ್ಲದ (ನಕಲು ಮಾಡದಂತೆ ತಡೆಯುವ ಬೀಗ) ಇಪಬ್, ಅಂದರೆ ಇ-ಪುಸ್ತಕದ ಫೈಲ್, ಕೊಡುವವರಿದ್ದರೆ ಅಲ್ಲೇ ತಗೊಂಡು ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇಟ್ಕೊಳ್ಳಿ. ತಂಗಿ ಮತ್ತೆ ಮತ್ತೆ ತಿರುವಿಹಾಕುವಂಥ ಪುಸ್ತಕವಾದರೆ ಅಚ್ಚಿನದ್ದನ್ನೇ ಕೊಡಿಸಿಬಿಡಿ.